ಗೇರ್ ಇಲ್ಲದ ಸ್ಕೂಟರಿಗೂ ಗೇರ್ ಆಯಿಲ್ ಬೇಕು



ಸಂಘದ ಸಾಲದಿಂದ ಸ್ಕೂಟರ್ ಕೊಂಡ ಸದಸ್ಯೆಯರು ಇಂದು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಬೆಳಿಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಹೊಲಿದ ಬಟ್ಟೆ ತಲುಪಿಸುವುದು, ಸಂಜೆ ಮಕ್ಕಳನ್ನು ಕರೆತರುವುದು, ಎಲ್ಲವೂ ಅದರಲ್ಲೇ. ಸ್ಕೂಟರ್ ನಿಂತರೆ ದುಡಿಮೆ ನಿಲ್ಲುತ್ತದೆ. ದುಡಿಮೆ ನಿಂತರೆ ಸಾಲದ ಕಂತೂ ನಿಲ್ಲುತ್ತದೆ.

ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಒಬ್ಬ ಸದಸ್ಯೆಯ ಎರಡು ಕಂತು ಬಾಕಿ ಇತ್ತು. ಕಾರಣ ಕೇಳಿದೆವು. ಹಿಂದಿನ ಚಕ್ರದಲ್ಲಿ "ಗುಂಯ್" ಎಂದು ಸದ್ದು ಬರುತ್ತಿತ್ತಂತೆ. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ಬೇರಿಂಗ್, ಹಲ್ಲುಚಕ್ರ ಎರಡೂ ಸವೆದು ಹೋಗಿದ್ದವು. "ನಾನು ತಪ್ಪದೆ ಆಯಿಲ್ ಹಾಕಿಸ್ತಿದ್ದೆನಲ್ಲಾ" ಎಂದು ಅವರು ಬೇಸರಪಟ್ಟರು. ಹಳೆಯ ಬಿಲ್ಲುಗಳನ್ನು ತರಿಸಿ ನೋಡಿದೆವು. ಎಲ್ಲದರಲ್ಲೂ ಇಂಜಿನ್ ಆಯಿಲ್ ಎಂದಿತ್ತು. ಗೇರ್ ಆಯಿಲ್ ಎಂದು ಒಂದರಲ್ಲೂ ಇರಲಿಲ್ಲ. "ಅಕ್ಕಾ, ಇದಕ್ಕೆ ಗೇರೇ ಇಲ್ವಲ್ಲ, ಮತ್ತೆಂಥ ಗೇರ್ ಆಯಿಲ್?" ಎಂದು ಪಕ್ಕದಲ್ಲಿದ್ದವರು ಕೇಳಿದರು. ಈ ಪ್ರಶ್ನೆ ನಿಮ್ಮಲ್ಲೂ ಇರಬಹುದು. ಅದಕ್ಕಾಗಿ ಈ ಮಾಹಿತಿ.

ಒಳಗೆ ಏನಿದೆ?

ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ತಿರುಗುವುದನ್ನು ನಾವೆಲ್ಲ ನೋಡಿದ್ದೇವೆ. ಗೇರ್ ಇಲ್ಲದ ಸ್ಕೂಟರಿನಲ್ಲೂ ಅಂಥದ್ದೇ ಒಂದು ಬೆಲ್ಟು ಇದೆ. ಅದು ಇಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುತ್ತದೆ. ಬೆಲ್ಟು ಕೂರುವ ಎರಡು ಪುಲ್ಲಿಗಳು ವೇಗಕ್ಕೆ ತಕ್ಕಂತೆ ತಾವಾಗಿಯೇ ಅಗಲ, ಕಿರಿದು ಆಗುತ್ತವೆ. ಹಾಗಾಗಿ ನಾವು ಗೇರ್ ಬದಲಿಸಬೇಕಾಗಿಲ್ಲ. 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾ, ಜುಪಿಟರ್, ಆಕ್ಸೆಸ್‌ವರೆಗೆ ಇದೇ ಕ್ರಮ.

ಈ ಬೆಲ್ಟಿಗೆ ಆಯಿಲ್ ತಾಗಬಾರದು, ತಾಗಿದರೆ ಜಾರುತ್ತದೆ. ಆದರೆ ಹಿಂದಿನ ಚಕ್ರದ ಪಕ್ಕದಲ್ಲಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಂದಿದೆ. ಅದರಲ್ಲಿರುವ ಹಲ್ಲುಚಕ್ರಗಳು ಸುತ್ತನ್ನು ಕಡಿಮೆ ಮಾಡಿ ಎಳೆಯುವ ಬಲವನ್ನು ಹೆಚ್ಚಿಸುತ್ತವೆ. ಅವು ಆಯಿಲ್‌ನಲ್ಲಿ ಮುಳುಗಿಕೊಂಡೇ ತಿರುಗಬೇಕು. ಇದೇ ಗೇರ್ ಆಯಿಲ್. ಇಂಜಿನ್ ಆಯಿಲ್ ಇರುವ ಜಾಗವೇ ಬೇರೆ, ಇದರ ಜಾಗವೇ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ. ಗೇರ್ ಆಯಿಲ್ ಬೇಕಾಗುವುದು ಹೆಚ್ಚಿನ ಸ್ಕೂಟರುಗಳಿಗೆ ಒಂದು ಸಣ್ಣ ಲೋಟಕ್ಕೂ ಕಡಿಮೆ, 100ರಿಂದ 120 ಮಿ.ಲೀ. ಆಸುಪಾಸು. ಅಷ್ಟು ಸ್ವಲ್ಪವೆಂದೇ ಎಲ್ಲರೂ ಮರೆಯುವುದು.

ಯಾವಾಗ ಬದಲಿಸಬೇಕು?

ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಎಂದು ಬರೆದಿರುತ್ತದೆ. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಆಗುವುದಿಲ್ಲ. ಪುಸ್ತಕ ಕಳೆದುಹೋಗಿದ್ದರೆ 10,000 ಕಿಲೋಮೀಟರ್ ಅಥವಾ ಎರಡು ವರ್ಷ, ಯಾವುದು ಮೊದಲೋ ಆಗ ಬದಲಿಸಿದರೆ ಒಳ್ಳೆಯದು. ಇವನ್ನೂ ಗಮನಿಸಿ:

• ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರೆ ಹಿಂದಿನವರ ಮಾತು ನಂಬಿ ಕೂರಬೇಡಿ. ಕೂಡಲೇ ಬದಲಿಸಿ.
• ಮಳೆಗಾಲದಲ್ಲಿ ಚಕ್ರ ಮುಳುಗುವಷ್ಟು ನೀರಿನಲ್ಲಿ ಗಾಡಿ ಹೋಗಿದ್ದರೆ ಪರೀಕ್ಷಿಸಿ. ನೀರು ಸೇರಿದ ಆಯಿಲ್ ಹಾಲು ಹಾಕಿದ ಚಹಾದಂತೆ ಕಾಣುತ್ತದೆ.
• ಹಿಂದಿನ ಚಕ್ರದಲ್ಲಿ ಗುಂಯ್‌ಗುಟ್ಟುವ ಸದ್ದು ಬಂದರೆ, ಪೆಟ್ಟಿಗೆಯ ಕೆಳಗೆ ಎಣ್ಣೆಯ ಪಸೆ ಕಂಡರೆ ತಡಮಾಡದೆ ಗ್ಯಾರೇಜಿಗೆ ಒಯ್ಯಿರಿ. ಆಯಿಲ್ ಸೀಲ್ ಹಾಳಾಗಿ ಆಯಿಲ್ ಹಿಂದಿನ ಬ್ರೇಕಿಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ. ಆಗ ಹೋಗುವುದು ದುಡ್ಡು ಮಾತ್ರವಲ್ಲ, ಜೀವಕ್ಕೇ ಅಪಾಯ.

ಹೇಗೆ ಬದಲಿಸುತ್ತಾರೆ?

ವಾರಂಟಿ ಇರುವಷ್ಟು ಕಾಲ ಕಂಪನಿಯ ಸರ್ವಿಸಿನಲ್ಲೇ ಮಾಡಿಸಿ. ಆಮೇಲೆ ನೀವೇ ಮಾಡಿದರೂ, ಮೆಕಾನಿಕ್ ಮಾಡುವಾಗ ನಿಂತು ನೋಡಿದರೂ ಕ್ರಮ ಇಷ್ಟೇ:

1. ಹತ್ತು ನಿಮಿಷ ಗಾಡಿ ಓಡಿಸಿ. ಬಿಸಿಯಾದ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ನಿಲ್ಲಿಸಿ. ಸೈಲೆನ್ಸರ್ ಸುಡುತ್ತದೆ, ಜೋಕೆ.
2. ಪೆಟ್ಟಿಗೆಯಲ್ಲಿ ಎರಡು ಬೋಲ್ಟುಗಳಿವೆ. ಮೇಲಿನದು ಆಯಿಲ್ ಹಾಕಲು, ಕೆಳಗಿನದು ಇಳಿಸಲು. ಮೊದಲು ಮೇಲಿನದನ್ನೇ ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಇಳಿದ ಮೇಲೆ ಮೇಲಿನದು ತೆರೆಯದೇ ಹೋದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ಇಂಜಿನ್ ಆಯಿಲ್‌ನ ಬೋಲ್ಟು ಬೇರೆ, ಅದನ್ನು ಬಿಚ್ಚದಂತೆ ನೋಡಿಕೊಳ್ಳಿ.
3. ಕೆಳಗೆ ಒಂದು ಹಳೆಯ ಡಬ್ಬ ಇಟ್ಟು ಆಯಿಲ್ ಇಳಿಸಿ. ಬೆಳಕಿನಲ್ಲಿ ನೋಡಿ. ಕಪ್ಪಗಿದ್ದರೆ ಹೆದರಬೇಡಿ. ಲೋಹದ ಚೂರುಗಳು ಕಂಡರೆ ಮೆಕಾನಿಕ್‌ಗೆ ತೋರಿಸಿ.
4. ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟು ಬಿಗಿಮಾಡಿ. ಅತಿಯಾಗಿ ಬಿಗಿದರೆ ಮರೆ ಹೋಗುತ್ತದೆ.
5. ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ ಅಳೆದು ಮೇಲಿನ ತೂತಿನಿಂದ ಹೊಸ ಆಯಿಲ್ ಹಾಕಿ ಮುಚ್ಚಿ. ಪುಸ್ತಕದಲ್ಲಿ ಹೇಳಿದಷ್ಟೇ ಹಾಕಿ. "ಸ್ವಲ್ಪ ಜಾಸ್ತಿ ಇರಲಿ" ಎನ್ನಬೇಡಿ. ಹೆಚ್ಚಾದರೆ ಸೀಲಿನಿಂದ ಸೋರುತ್ತದೆ.
6. ಒರೆಸಿ, ಮರುದಿನ ಬೆಳಿಗ್ಗೆ ಸೋರಿದೆಯೇ ಎಂದು ನೋಡಿ.

ಆಯಿಲ್ ಜಾತಿಯೂ ಮುಖ್ಯ. ಕೆಲವು ಗಾಡಿಗೆ ಇಂಜಿನ್ ಆಯಿಲ್ ದರ್ಜೆಯ 10ಡಬ್ಲ್ಯೂ-30, ಕೆಲವಕ್ಕೆ ಗಟ್ಟಿಯಾದ 80ಡಬ್ಲ್ಯೂ-90 ಬೇಕು. ಕೇಳಿ ಹಾಕಿಸಿ. ಇಳಿಸಿದ ಹಳೆಯ ಆಯಿಲನ್ನು ತೋಡಿಗೆ, ಬಾವಿಯ ಬದಿಗೆ ಚೆಲ್ಲಬೇಡಿ. ದನಗಳ ಗಾಯಕ್ಕೆ ಹಚ್ಚುವ ಅಭ್ಯಾಸವನ್ನೂ ಬಿಡಿ, ಅದರಲ್ಲಿ ವಿಷದ ಅಂಶಗಳಿವೆ. ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಮನೆಯಲ್ಲಿ ಆಟೋಮ್ಯಾಟಿಕ್ ಕಾರು ಇದ್ದರೆ ಒಂದು ಮಾತು. ಅದರ ಗೇರ್ ಪೆಟ್ಟಿಗೆಯ ಆಯಿಲ್ ಬೇರೆ ಜಾತಿಯದ್ದು. ಅನೇಕ ಕಾರುಗಳಲ್ಲಿ ಅದು ಹಲ್ಲುಚಕ್ರಗಳ ಸವೆತ ತಡೆಯುವುದಲ್ಲದೆ, ತನ್ನ ಒತ್ತಡದಿಂದ ಗೇರ್ ಬದಲಿಸುವ ಕೆಲಸವನ್ನೂ ಮಾಡುತ್ತದೆ. ತಪ್ಪು ಆಯಿಲ್ ಹಾಕಿದರೆ ಪೆಟ್ಟಿಗೆಯೇ ಹಾಳಾದೀತು. ಅದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ನಮ್ಮ ಸಲಹೆ ಇಷ್ಟೇ: ಸರ್ವಿಸಿಗೆ ಕೊಡುವಾಗ "ಎರಡೂ ಆಯಿಲ್ ನೋಡಿ" ಎಂದು ಬಾಯಿಬಿಟ್ಟು ಹೇಳಿ. ಬಿಲ್ಲಿನಲ್ಲಿ ಎರಡರ ಹೆಸರೂ ಇದೆಯೇ ಎಂದು ಓದಿ. ಉಳಿತಾಯದ ಪಾಸ್‌ಬುಕ್ಕಿನ ಹಾಗೆ ಗಾಡಿಗೂ ಒಂದು ಸಣ್ಣ ಪುಸ್ತಕ ಇಟ್ಟು ತಾರೀಕು, ಕಿಲೋಮೀಟರ್ ಬರೆದಿಡಿ. ಗೇರ್ ಆಯಿಲ್‌ಗೆ ತಗಲುವುದು ಸಣ್ಣ ಮೊತ್ತ. ಹಲ್ಲುಚಕ್ರ ಸವೆದರೆ ಸಾವಿರಗಟ್ಟಲೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:

• ನಮ್ಮ ಸಂಘದಲ್ಲಿ ಎಷ್ಟು ಮಂದಿಯ ಸ್ಕೂಟರ್ ಇದೆ? ಗೇರ್ ಆಯಿಲ್ ಕೊನೆಯ ಬಾರಿ ಹಾಕಿಸಿದ್ದು ಯಾವಾಗ?
• ಗಾಡಿಗೆ ಸಾಲ ಕೊಡುವಾಗ ಸರ್ವಿಸ್ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಯೇ?