ದಶಕದ ಟಾಪ್ ಟೆನ್: ಪಟ್ಟಿಯಲ್ಲಿ ಯಾರಿಲ್ಲ?

2010ರ ದಶಕದ ಬೆಸ್ಟ್ ಕನ್ನಡ ಸಿನಿಮಾ ಯಾವುದು ಅಂತ ಕೇಳಿ ನೋಡಿ, ಜಗಳ ಗ್ಯಾರಂಟಿ. ಒಬ್ಬರಿಗೆ ‘ಲೂಸಿಯಾ’, ಇನ್ನೊಬ್ಬರಿಗೆ ‘ಕೆಜಿಎಫ್’. ‘ಉಳಿದವರು ಕಂಡಂತೆ’ಯಂತೂ ಬಂದೇ ಬರುತ್ತೆ. ತಮಾಷೆ ಏನಂದ್ರೆ, 2014ರಲ್ಲಿ ಥಿಯೇಟರಿನಲ್ಲಿ ಅದು ಗೆಲ್ಲಲಿಲ್ಲ. ಆಮೇಲೆ ಫೋನು, ಲ್ಯಾಪ್‌ಟಾಪಿನಲ್ಲಿ ನೋಡಿದವರು ಅದನ್ನು ಮೇಲೆತ್ತಿದರು. ಅಂದರೆ ಪಟ್ಟಿ ಅಳೆಯೋದು ಸಿನಿಮಾದ ಗುಣವನ್ನಷ್ಟೇ ಅಲ್ಲ, ಅದು ಎಷ್ಟು ಜನರ ಕೈಗೆ ಸಿಕ್ಕಿತು ಅನ್ನೋದನ್ನೂ. ಮಂಡ್ಯದ ಹಳ್ಳಿಗರೇ ನಟಿಸಿದ ‘ತಿಥಿ’ 2016ರಲ್ಲಿ ಇಲ್ಲಿ ತೆರೆ ಕಾಣುವ ಮೊದಲೇ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು ಸುದ್ದಿಯಾಗಿತ್ತು. ಹೈಸ್ಕೂಲು ಹುಡುಗಿಯ ಪ್ರೀತಿಯನ್ನು ಅವಳ ಕಣ್ಣಿಂದಲೇ ಹೇಳಿದ, ರೂಪಾ ರಾವ್ ನಿರ್ದೇಶನದ ‘ಗಂಟುಮೂಟೆ’ಗೆ (2019) ಅಂಥ ಬೆನ್ನುಬಲ ಎಲ್ಲಿತ್ತು? ನನ್ನ ಮೊದಲ ಐದರಲ್ಲಿ ಅದಿದೆ. ನಿಮ್ಮ ಹತ್ತರಲ್ಲಿ ಹೆಣ್ಣುಮಕ್ಕಳು ನಿರ್ದೇಶಿಸಿದ್ದು ಎಷ್ಟಿವೆ, ಎಣಿಸಿ. ನನ್ನದರಲ್ಲಿ ಒಂದೇ.