ಬೆಳಿಗ್ಗೆ 8, ಮಧ್ಯಾಹ್ನ 6!

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಇನ್ನೂ ಪ್ರೊಬೇಷನ್. ಒಂದೇ ವಾರದಲ್ಲಿ ನಾನು ಹಾಕಿದ ಮೂರು ಬಗ್‌ಗಳನ್ನು ‘ನಮ್ಮಲ್ಲಿ ಹೀಗಾಗುತ್ತಿಲ್ಲ’ ಎಂದು ಡೆವಲಪರ್ ಮುಚ್ಚಿಬಿಟ್ಟಿದ್ದರು. ‘ಏನ್ರೀ, ಎಲ್ಲಾ ನಿಮ್ಮ ಸಿಸ್ಟಮ್‌ನಲ್ಲೇ ಆಗುತ್ತಾ?’ ಎಂದು ಎಲ್ಲರೆದುರು ಕೇಳಿದಾಗ ಕಣ್ಣು ತುಂಬಿತು. ಆ ರಾತ್ರಿ ನೀಲಾದ್ರಿ ರಸ್ತೆಯ ಪಿ.ಜಿ.ಯಲ್ಲಿ ಊಟ ಸೇರಲಿಲ್ಲ.

ನಾನು ಪರೀಕ್ಷಿಸುತ್ತಿದ್ದುದು ಉದ್ಯೋಗಿಗಳ ರಜೆಯ ಲೆಕ್ಕ ಇಡುವ ಸಾಫ್ಟ್‌ವೇರ್. 10 ರಜೆ ಇದ್ದವರು 2 ದಿನ ತೆಗೆದುಕೊಂಡರೆ 8 ಉಳಿಯಬೇಕು. ಬೆಳಿಗ್ಗೆ 8 ಬಂತು, ಮಧ್ಯಾಹ್ನ 6! ತಪ್ಪು ಸಾಫ್ಟ್‌ವೇರ್‌ನದ್ದಾಗಿರಲಿಲ್ಲ. ಬೆಳಗಿನ ಟೆಸ್ಟ್ ಕಳೆದ 2 ರಜೆ ಡೇಟಾಬೇಸ್‌ನಲ್ಲಿ ಹಾಗೇ ಉಳಿದಿತ್ತು. ಹಾಸ್ಟೆಲ್‌ನಲ್ಲಿ ಕೇರಂ ಆಡುವಾಗ ಪ್ರತಿ ಆಟಕ್ಕೂ ಕಾಯಿ ಮತ್ತೆ ಜೋಡಿಸುತ್ತಿದ್ದೆವಲ್ಲ, ಇಲ್ಲಿ ಅದನ್ನೇ ಮಾಡಿರಲಿಲ್ಲ. ಪ್ರತಿ ಸಲ ಬ್ಯಾಕಪ್‌ನಿಂದ ಡೇಟಾ ತುಂಬಬೇಕೆಂಬ ನಿಯಮವೇನೋ ಇತ್ತು. ಆದರೆ ಅದಕ್ಕೆ 25 ನಿಮಿಷ ಬೇಕು. ಹಾಗಾಗಿ ಎಲ್ಲರೂ ದಿನಕ್ಕೊಮ್ಮೆ ಮಾಡಿ ಕೈತೊಳೆದುಕೊಳ್ಳುತ್ತಿದ್ದರು.

ಕಾಲೇಜಿನಲ್ಲಿ ಓದಿದ ‘ರೋಲ್‌ಬ್ಯಾಕ್’ ನೆನಪಾಯಿತು. ಟೆಸ್ಟ್ ಮುಗಿದ ಮೇಲೆ ಬದಲಾವಣೆಯನ್ನೆಲ್ಲ ರದ್ದುಮಾಡಿದರಾಯಿತು ಎಂದುಕೊಂಡೆ. ಆಗಲಿಲ್ಲ. ನಮ್ಮ ಟೆಸ್ಟ್‌ಗಳು ಬ್ರೌಸರ್ ಮೂಲಕ ಓಡುತ್ತವೆ. ಸಾಫ್ಟ್‌ವೇರ್ ತನ್ನದೇ ಕನೆಕ್ಷನ್‌ನಲ್ಲಿ ಡೇಟಾ ಉಳಿಸಿ, ‘ಕಮಿಟ್’ ಮಾಡಿ ಮುಗಿಸಿರುತ್ತದೆ. ಕಮಿಟ್ ಆದದ್ದಕ್ಕೆ ರೋಲ್‌ಬ್ಯಾಕ್ ಇಲ್ಲ.

ದಾರಿ ಸಿಕ್ಕಿದ್ದು ಪೋಸ್ಟ್‌ಗ್ರೆಸ್‌ನ ‘ಟೆಂಪ್ಲೇಟ್’ ಸೌಲಭ್ಯದಲ್ಲಿ. ಬೇಕಾದ ಡೇಟಾ ತುಂಬಿದ ಒಂದು ಡೇಟಾಬೇಸನ್ನು ಮುಟ್ಟದೆ ಇಟ್ಟುಕೊಳ್ಳಬೇಕು. ಟೆಸ್ಟ್ ಮುಗಿದೊಡನೆ ಬಳಸಿದ್ದನ್ನು ‘ಡ್ರಾಪ್’ ಮಾಡಿ, ಆ ಮೂಲದಿಂದ ಹೊಸ ಪ್ರತಿ ತೆಗೆಯಬೇಕು. ಸಾಲು ಸಾಲಾಗಿ ಡೇಟಾ ಸೇರಿಸುವ, ಇಂಡೆಕ್ಸ್ ಮತ್ತೆ ಕಟ್ಟುವ ಕೆಲಸವಿಲ್ಲ. ಇದ್ದದ್ದು ಇದ್ದ ಹಾಗೇ ನಕಲಾಗುತ್ತದೆ. ನಮ್ಮ ಪುಟ್ಟ ಡೇಟಾಬೇಸ್‌ಗೆ ಒಂದು ನಿಮಿಷವೂ ಹಿಡಿಯಲಿಲ್ಲ. (ಡೇಟಾ ತೀರಾ ದೊಡ್ಡದಾದರೆ ನಕಲಿಗೂ ಹೊತ್ತು ಹಿಡಿಯುತ್ತದೆ.) ಪೋಸ್ಟ್‌ಗ್ರೆಸ್ ಉಚಿತ. ಟೆಸ್ಟಿಂಗ್ ಕೋರ್ಸ್ ಮಾಡುತ್ತಿರುವವರು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಮಾಡಿ ನೋಡಬಹುದು.

ಮರುದಿನ ಮೂರೂ ಬಗ್‌ಗಳನ್ನು ಹೊಸ ಪ್ರತಿಯ ಮೇಲೆ ಓಡಿಸಿದೆ. ಎರಡು ಮಾಯ! ಮೂರನೆಯದು ಪ್ರತಿ ಸಲವೂ ಬಂತು. ಅದು ನಿಜವಾದ ಬಗ್. ಡೆವಲಪರ್ ನನ್ನ ಕುರ್ಚಿಯ ಪಕ್ಕ ನಿಂತು ನಾಲ್ಕು ಸಲ ನೋಡಿದರು. ‘ರೀ-ಓಪನ್ ಮಾಡಿ’ ಎಂದಷ್ಟೇ ಹೇಳಿ ಹೋದರು.

ಈಗ ತಂಡದವರೆಲ್ಲ ಇದನ್ನೇ ಬಳಸುತ್ತಾರೆ. ಒಂದೇ ಕಿರಿಕಿರಿ: ಮೂಲ ಡೇಟಾಬೇಸ್‌ಗೆ ಯಾರಾದರೂ ಕನೆಕ್ಟ್ ಆಗಿದ್ದರೆ ನಕಲು ತೆಗೆಯಲು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಹಾಗಾದಾಗಲೆಲ್ಲ ಎದ್ದುನಿಂತು ‘ಯಾರ್ರೀ ಅದು ಒಳಗಿರೋದು?’ ಎಂದು ಕೂಗುವ ಕೆಲಸ ನನ್ನದು.