ಆಟದ ರಾಜ ಹಠಾತ್ತನೆ ಏಕೆ ಸಾಯಬೇಕು?

ಪ್ರಶ್ನೆ: ‘ಕ್ರುಸೇಡರ್ ಕಿಂಗ್ಸ್ 3’ ಆಟದಲ್ಲಿ ಜತನದಿಂದ ಬೆಳೆಸಿದ ರಾಜ ಯಾವುದೋ ಆಕಸ್ಮಿಕಕ್ಕೆ ಬಲಿಯಾಗುತ್ತಾನೆ. ಇದು ಅನ್ಯಾಯವಲ್ಲವೇ?

ಉತ್ತರ: ಮುಂದಿನ ದಾರಿಯನ್ನೇ ಉಳಿಸದ ಸಾವು ಮಾತ್ರ ಅನ್ಯಾಯ. ಈ ಆಟದಲ್ಲಿ ನೀವು ನಡೆಸುವುದು ಒಂದು ವಂಶವನ್ನು. ರಾಜ ಸತ್ತರೆ ವಾರಸುದಾರನಾಗಿ ಆಟ ಮುಂದುವರಿಯುತ್ತದೆ. ರಾಜ್ಯ ಮಕ್ಕಳಲ್ಲಿ ಹಂಚಿಹೋಗುವ, ಸಾಮಂತರು ತಿರುಗಿಬೀಳುವ ಆ ಗಳಿಗೆಯೇ ಆಟದ ಜೀವಾಳ. ರಾಜರೆಲ್ಲ ಎಪ್ಪತ್ತು ವರ್ಷ ಬಾಳಿದರೆ ರಾಜ್ಯ ಸುಮ್ಮನೆ ಉಬ್ಬುತ್ತದೆ, ಆಡುವವರಿಗೆ ಆಕಳಿಕೆ ಬರುತ್ತದೆ.

ಮುಂದಿನ ದಾರಿ ಉಳಿಸುವ ದಾಕ್ಷಿಣ್ಯವನ್ನು ಚರಿತ್ರೆಯೇನೂ ತೋರಲಿಲ್ಲವಲ್ಲ ಎಂದು ಕೇಳಬಹುದು. ನಿಜ, 1190ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಧರ್ಮಯುದ್ಧದ ಹಾದಿಯಲ್ಲಿ ನದಿಪಾಲಾದ. 1120ರಲ್ಲಿ ಇಂಗ್ಲೆಂಡಿನ ಒಂದನೇ ಹೆನ್ರಿಯ ಏಕೈಕ ಔರಸ ಪುತ್ರ ವಿಲಿಯಂ ಹಡಗು ಮುಳುಗಿ ಸತ್ತ. ಆದರೆ ಹೆನ್ರಿ ಕೈಕಟ್ಟಿ ಕೂರಲಿಲ್ಲ: ಮರುಮದುವೆಯಾದ, ಮಕ್ಕಳಾಗದಿದ್ದಾಗ ಮಗಳು ಮಟಿಲ್ಡಾಳಿಗೆ ನಿಷ್ಠರಾಗಿರುವುದಾಗಿ ಶ್ರೀಮಂತರಿಂದ ಪ್ರಮಾಣ ಮಾಡಿಸಿದ. ಅವನು ತೀರಿಕೊಂಡ ಮೇಲೆ ಸೋದರಳಿಯ ಸ್ಟೀಫನ್ ಸಿಂಹಾಸನ ಹಿಡಿದು ಅಂತರ್ಯುದ್ಧವೇ ನಡೆಯಿತು ಎನ್ನುವುದು ಬೇರೆ ಮಾತು. ವಿನ್ಯಾಸಕರು ಚರಿತ್ರೆಯಿಂದ ಎತ್ತಿಕೊಳ್ಳಬೇಕಾದ್ದು ಈ ಪರದಾಟವನ್ನು. ರಾಜನನ್ನೂ ವಾರಸುದಾರರನ್ನೂ ಒಂದೇ ಏಟಿಗೆ ಕೊಂದರೆ ಅದಕ್ಕೂ ಎಡೆಯಿರುವುದಿಲ್ಲ.